ಗಣಿಯ ಕೆಸರು ಹೊಲದ ನೀರನ್ನು ಶುದ್ಧಗೊಳಿಸಬಲ್ಲುದೇ?

ಪ್ರಶ್ನೆ: ಗಣಿ ತ್ಯಾಜ್ಯವೆಂದರೆ ನೀರನ್ನು ಕೆಡಿಸುವ ವಸ್ತು. ಹೊಲ, ಕೊಟ್ಟಿಗೆಗಳಿಂದ ಹರಿದುಬರುವ ನೀರಿನಲ್ಲಿನ ಗೊಬ್ಬರದ ಅಂಶವನ್ನು ಅದೇ ತ್ಯಾಜ್ಯ ತೆಗೆಯುತ್ತದೆ ಎನ್ನುವುದು ನಿಜವೇ?

ನಿಜ, ಆದರೆ ಮುಖ್ಯವಾಗಿ ರಂಜಕದ ಮಟ್ಟಿಗೆ. ಎಲ್ಲ ಬಗೆಯ ಗಣಿ ತ್ಯಾಜ್ಯಕ್ಕೂ ಈ ಮಾತು ಸಲ್ಲುವುದಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯ, ವೆಸ್ಟ್ ವರ್ಜೀನಿಯಗಳ ಹಳೆಯ ಕಲ್ಲಿದ್ದಲು ಗಣಿಗಳಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿಯೂ ನೀರೂ ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಕಬ್ಬಿಣ ಕರಗಿದ ಆ ಹುಳಿ ನೀರು ತೊರೆಗಳಿಗಿಳಿದು ಅವುಗಳ ತಳವನ್ನೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ಸುಣ್ಣ ಬೆರೆಸಿ ಹುಳಿಯನ್ನು ಮುರಿದಾಗ ತುಕ್ಕಿನ ಬಣ್ಣದ ಕೆಸರು ತಳದಲ್ಲಿ ನಿಲ್ಲುತ್ತದೆ. ಸಾಗಿಸಿ ಹೂಳುವುದಕ್ಕೇ ಹಣ ಸುರಿಯಬೇಕಾದ ಈ ಕೆಸರನ್ನು ವೆಸ್ಟ್ ವರ್ಜೀನಿಯದ ಲೀಟೌನ್‌ನಲ್ಲಿರುವ ಅಮೆರಿಕ ಭೂವೈಜ್ಞಾನಿಕ ಸಮೀಕ್ಷೆಯ ಸಂಶೋಧಕರು ಒಣಗಿಸಿ, ಕೊಳವೆಗಳಲ್ಲಿ ತುಂಬಿ, ಅದರ ಮೂಲಕ ಕೃಷಿಯ ತ್ಯಾಜ್ಯ ನೀರನ್ನು ಹಾಯಿಸಿ ಪರೀಕ್ಷಿಸಿದರು.

ಕೆಸರಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕಣಗಳು ಫಾಸ್ಫೇಟನ್ನು, ಅಂದರೆ ನೀರಿನಲ್ಲಿ ಕರಗಿದ ರೂಪದ ರಂಜಕವನ್ನು, ತಮ್ಮ ಮೇಲ್ಮೈಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತವೆ. ಮಲೆನಾಡು, ಕರಾವಳಿಗಳ ಹುಳಿ ಮಣ್ಣಿನಲ್ಲಿ ಹಾಕಿದ ಸೂಪರ್ ಫಾಸ್ಫೇಟ್ ಬೆಳೆಗೆ ಪೂರ್ತಿ ದಕ್ಕದಿರುವುದಕ್ಕೂ ಇದೇ ಕಾರಣ. ರೈತನಿಗೆ ನಷ್ಟವೆನಿಸುವ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ಹಾಗೆಂದು ಕಬ್ಬಿಣದ ಅದಿರಿನ ಪುಡಿಯನ್ನೇ ತಂದು ಸುರಿದರೆ ಅಷ್ಟು ಫಲ ಸಿಗದು, ಏಕೆಂದರೆ ಗಟ್ಟಿ ಹರಳಿನ ಅದಿರಿಗೆ ಹೊಸದಾಗಿ ತಳಗೂಡಿದ ಕೆಸರಿನಷ್ಟು ವಿಶಾಲವಾದ ಮೇಲ್ಮೈ ಇರುವುದಿಲ್ಲ.

ರಂಜಕದಿಂದ ಕೊಬ್ಬುವ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿ ಮೀನುಗಳನ್ನು ಕೊಲ್ಲುತ್ತದೆ. ಆರು ರಾಜ್ಯಗಳ ನೀರು ಸೇರುವ, ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಗೆ ವರ್ಷಕ್ಕೆ 1.25 ಕೋಟಿ ಪೌಂಡ್, ಅಂದರೆ ಸುಮಾರು 5,670 ಟನ್‌ಗಿಂತ ಹೆಚ್ಚು ರಂಜಕ ಹರಿಯಬಾರದೆಂದು 2010ರಲ್ಲಿ ಮಿತಿ ಹಾಕಿದ್ದು ಇದಕ್ಕಾಗಿಯೇ. ಆ ಜಲಾನಯನದ ಒಳಗೇ ಕೃಷಿಯೂ ಹಳೆಯ ಗಣಿಗಳೂ ಇವೆ.

ಹಿಡಿದ ರಂಜಕವನ್ನು ಕಾಸ್ಟಿಕ್ ಸೋಡಾ ದ್ರಾವಣದಿಂದ ಬಿಡಿಸಿ, ಕ್ಯಾಲ್ಸಿಯಂ ಫಾಸ್ಫೇಟ್ ರೂಪದಲ್ಲಿ ಮರಳಿ ಪಡೆಯಬಹುದು. ಕೆಸರನ್ನೂ ಪುನಃ ಬಳಸಬಹುದು. ನನ್ನ ದೃಷ್ಟಿಯಲ್ಲಿ ಈ ವಿಧಾನದ ನಿಜವಾದ ಬೆಲೆ ಇರುವುದು ಇಲ್ಲಿಯೇ, ಏಕೆಂದರೆ ರಂಜಕದ ಶಿಲಾ ನಿಕ್ಷೇಪಗಳಲ್ಲಿ ಬಹುಪಾಲು ಜಗತ್ತಿನ ಕೆಲವೇ ದೇಶಗಳಲ್ಲಿವೆ.

ಕೊರತೆಗಳೂ ಸಣ್ಣವಲ್ಲ. ಗೊಬ್ಬರದ ಇನ್ನೊಂದು ಅಂಶವಾದ ನೈಟ್ರೇಟ್ ಈ ಕೆಸರಿಗೆ ಹೆಚ್ಚಾಗಿ ಅಂಟದೆ ಹಾಗೆಯೇ ದಾಟಿ ಹೋಗುವುದರಿಂದ ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಮ್ಯಾಂಗನೀಸ್, ನಿಕಲ್, ಆರ್ಸೆನಿಕ್‌ಗಳ ಪ್ರಮಾಣ ಗಣಿಯಿಂದ ಗಣಿಗೆ ಬೇರೆಯಾಗಿರುವುದರಿಂದ ಪ್ರತಿಯೊಂದು ಕೆಸರನ್ನೂ ಪ್ರತ್ಯೇಕವಾಗಿ ಪರೀಕ್ಷಿಸದೆ ಬಳಸುವಂತಿಲ್ಲ. ಸೋಸುವ ಹಾಸಿನಲ್ಲಿ ನೀರು ನಿಂತು ಆಮ್ಲಜನಕ ತೀರಿದರಂತೂ ಕಬ್ಬಿಣವೇ ಕರಗಿ, ಹಿಡಿದಿಟ್ಟ ರಂಜಕ ಮತ್ತೆ ನೀರಿಗೆ ಸೇರುತ್ತದೆ.