ಶಾಲು ಹೊದಿಸುವ ಮೊದಲು ಹಾಜರಿ ಪುಸ್ತಕ ನೋಡಬೇಕು

ಏಪ್ರಿಲ್ 21ಕ್ಕೆ ಸರ್ಕಾರಿ ನೌಕರರ ದಿನಾಚರಣೆ, ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನಾಚರಣೆ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಎರಡರ ವೇದಿಕೆಯೂ ಹೆಚ್ಚುಕಡಿಮೆ ಒಂದೇ ಥರ: ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಅಭಿನಂದನಾ ಪತ್ರ. ಆದರೆ ಮೊದಲನೆಯ ದಿನ ಸರ್ವೋತ್ತಮ ಸೇವಾ ಪ್ರಶಸ್ತಿ ಪಡೆಯುವವರಿಗೆಲ್ಲ ಸರ್ಕಾರದ ಸೇವಾ ಪುಸ್ತಕವಿದೆ, ಅಂದರೆ ಕಾಯಂ ನೌಕರಿಯ ದಾಖಲೆ. ಎರಡನೆಯ ದಿನ ಮುಂದಿನ ಸಾಲಿನಲ್ಲಿ ಕೂರುವ ಎಷ್ಟೋ ಮಂದಿಗೆ ಅಂಥದ್ದೊಂದು ಪುಸ್ತಕ ಸಿಗಲು ದಶಕಗಳೇ ಹಿಡಿದವು. ಕೆಲವರಿಗೆ ಇನ್ನೂ ಸಿಕ್ಕಿಲ್ಲ.

ಊರ ಕೆಲಸ ಮಾಡಿದವರನ್ನು ಗುರುತಿಸುವುದು ನಮ್ಮ ಕಡೆ ಹೊಸದೇನಲ್ಲ. ಕೆರೆ ಕಟ್ಟಿಸಿದವನಿಗೆ ಕಟ್ಟುಗೊಡಗೆ, ಕೆರೆಯ ದುರಸ್ತಿಗೆ ಕೆರೆಗೊಡಗೆ, ಊರ ತುರು (ದನ) ಉಳಿಸಲು ಹೋಗಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ ಎಂದು ಶಾಸನಗಳು ಹೇಳುತ್ತವೆ. ಕೊಡುತ್ತಿದ್ದುದು ಜಮೀನು. ಹೊಗಳಿಕೆ ಕಲ್ಲಿನ ಮೇಲೆ ಉಳಿಯುತ್ತಿತ್ತು, ಮನೆಯವರು ಆ ಹೊಲ ಉತ್ತು ಉಣ್ಣುತ್ತಿದ್ದರು. ನಿತ್ಯದ ಚಾಕರಿಗೆ ಆಯಗಾರಿಕೆ ಇತ್ತು. ತಳವಾರ, ತೋಟಿ, ನೀರುಗಂಟಿ ಇವರೆಲ್ಲ ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ, ಅಂದರೆ ಬೆಳೆಯಲ್ಲಿ ತಮ್ಮ ಪಾಲು, ಒಯ್ಯುತ್ತಿದ್ದರು. ಇದನ್ನು ಸುವರ್ಣಯುಗ ಎನ್ನುವವರಿದ್ದಾರೆ, ನಾನು ಅನ್ನಲಾರೆ. ತೋಟಿಯ ಮಗ ತೋಟಿಯಾಗಿಯೇ ಸಾಯಬೇಕಿದ್ದ ಏರ್ಪಾಡು ಅದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು, ಶಾನುಭೋಗ, ಪಟೇಲರಿಂದ ತೋಟಿಯವರೆಗೆ ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು.

ಅಷ್ಟರೊಳಗೆ ಇನ್ನೊಂದು ಬಗೆಯ ಮನ್ನಣೆ ಬಂದು ಹೋಗಿತ್ತು. ಆಗಿನ ಚಿತ್ರದುರ್ಗ ಜಿಲ್ಲೆ (ದಾವಣಗೆರೆ ಬೇರೆಯಾದದ್ದು 1997ರಲ್ಲಿ) ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಮಹಾರಾಜರು ಹಿರಿಯ ಅಧಿಕಾರಿಗಳಿಗೆ ‘ರಾಜಸೇವಾಸಕ್ತ’, ‘ರಾಜಸೇವಾಧುರೀಣ’ ಮುಂತಾದ ಬಿರುದು ಕೊಡುತ್ತಿದ್ದರು. ಪುರಸಭೆಯ ಜಾಡಮಾಲಿ ಆ ದರ್ಬಾರಿನ ಹತ್ತಿರವೂ ಸುಳಿಯುವಂತಿರಲಿಲ್ಲ.

ಸ್ವಾತಂತ್ರ್ಯಾನಂತರದ ಸರ್ಕಾರಕ್ಕೆ ಹೊಗಳಿಕೆಯೆಂದರೇ ಅಳುಕು. ನೌಕರರ ನಡತೆ ನಿಯಮಗಳ ಪ್ರಕಾರ, ಸೇವೆಯಲ್ಲಿರುವವರು ತಮ್ಮ ಗೌರವಾರ್ಥದ ಸಾರ್ವಜನಿಕ ಸಭೆಗೆ ಹೋಗಲು, ಮಾನಪತ್ರ ಸ್ವೀಕರಿಸಲು ಮೊದಲೇ ಅನುಮತಿ ಪಡೆಯಬೇಕು. ಗುತ್ತಿಗೆದಾರರು, ಪುಢಾರಿಗಳು ಅಧಿಕಾರಿಗೆ ಹಾರ ಹಾಕಿ ಕೆಲಸ ಮಾಡಿಸಿಕೊಳ್ಳಬಾರದು ಎಂಬ ಮುನ್ನೆಚ್ಚರಿಕೆ, ಸರಿಯಾದದ್ದೇ. ವರ್ಗಾವಣೆ, ನಿವೃತ್ತಿಯ ಖಾಸಗಿ ಬೀಳ್ಕೊಡುಗೆಗೆ ಮಾತ್ರ ವಿನಾಯಿತಿ. ಹಾಗಾಗಿಯೇ ನಮ್ಮ ಕಚೇರಿಗಳಲ್ಲಿ ಒಳ್ಳೆಯ ಮಾತು ಕೇಳಬೇಕಾದರೆ ಅರವತ್ತು ತುಂಬಬೇಕು. ಶಿಕ್ಷೆಗಳ ಪಟ್ಟಿ 1957ರ ನಿಯಮಗಳಲ್ಲೇ ಇದೆ. ಗೊತ್ತಾದ ದಿನದೊಳಗೆ ಸರ್ಕಾರಿ ಸೇವೆ ಸಿಗಬೇಕೆನ್ನುವ ಸಕಾಲ ಕಾಯ್ದೆ ಬಂದ ಮೇಲೆ ತಡವಾದ ದಿನಕ್ಕೆ 20 ರೂಪಾಯಿಯಂತೆ ಅರ್ಜಿದಾರನಿಗೆ ಪರಿಹಾರವೂ ಉಂಟು. ಹೊತ್ತಿಗೆ ಮೊದಲೇ ಕೆಲಸ ಮುಗಿಸಿಕೊಟ್ಟವನಿಗೆ ಅಂಥ ದಿನದ ಲೆಕ್ಕ ಯಾವುದೂ ಇಲ್ಲ.

ಏಪ್ರಿಲ್ 21ರ ಮೂಲ ದೆಹಲಿಯಲ್ಲಿದೆ. 1947ರ ಆ ದಿನ ಸರ್ದಾರ್ ಪಟೇಲರು ಮೆಟ್‌ಕಾಫ್ ಹೌಸ್‌ನಲ್ಲಿ ಹೊಸ ಐಎಎಸ್ ತರಬೇತಿದಾರರ ಮುಂದೆ ಮಾತಾಡಿದ್ದರು. ಕೇಂದ್ರ ಸರ್ಕಾರ 2006ರಿಂದ ಅದನ್ನು ನಾಗರಿಕ ಸೇವಾ ದಿನವಾಗಿ ಆಚರಿಸುತ್ತಿದೆ, ನಮ್ಮ ರಾಜ್ಯವೂ ಅದೇ ತಾರೀಖನ್ನು ಹಿಡಿಯಿತು.

ಪೌರಕಾರ್ಮಿಕರ ಹಾದಿ ಬೇರೆಯೇ. ದೇವರಾಜ ಅರಸರ ಕಾಲದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಇವರ ಬದುಕನ್ನು ಅಧ್ಯಯನ ಮಾಡಿ, 500 ಜನರಿಗೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತು. ಮುಂದೆ ಸರ್ಕಾರ 700ಕ್ಕೆ ಒಬ್ಬ ಎಂದು ಗೊತ್ತುಮಾಡಿತು. ಸಣ್ಣ ವ್ಯತ್ಯಾಸ ಅನ್ನಿಸಬಹುದು. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಸಾಲಪ್ಪ ಲೆಕ್ಕದಲ್ಲಿ 870 ಮಂದಿ ಬೇಕು, ಸರ್ಕಾರದ ಲೆಕ್ಕದಲ್ಲಿ 620ರ ಆಸುಪಾಸು ಸಾಕು. ನಡುವಿನ 250 ಮಂದಿ ಎತ್ತಬೇಕಿದ್ದ ಕಸ ಉಳಿದವರ ಕೈಗಾಡಿಗೇ ಬಂತು.

ಆ ಉಳಿದವರಲ್ಲೂ ಬಹುಪಾಲು ಗುತ್ತಿಗೆಯವರು. ಪಿಎಫ್ ಕಟ್ಟಿದೆಯೋ ಇಲ್ಲವೋ ಗುತ್ತಿಗೆದಾರನನ್ನೇ ಕೇಳಬೇಕಿತ್ತು. 2017ರ ಹೊತ್ತಿಗೆ ಗುತ್ತಿಗೆ ಹೋಗಿ, ಸ್ಥಳೀಯ ಸಂಸ್ಥೆಯೇ ಸಂಬಳ ಕೊಡುವ ‘ನೇರಪಾವತಿ’ ಬಂತು. ಅದೇ ವರ್ಷ ಪೌರಕಾರ್ಮಿಕರ ತಂಡಗಳು ಅಧ್ಯಯನಕ್ಕೆಂದು ಸಿಂಗಪುರಕ್ಕೂ ಹೋಗಿಬಂದವು. ವಿಮಾನ ಹತ್ತಿಸಿದ್ದು ಒಳ್ಳೆಯದೇ, ಆದರೆ ಕೇಳಿದ್ದು ಕಾಯಮಾತಿಯನ್ನು. 2022ರ ಜುಲೈನಲ್ಲಿ ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟ ಮೇಲೆಯೇ 11,133 ಮಂದಿಯನ್ನು ಕಾಯಂಗೊಳಿಸಲು ಸಂಪುಟ ಒಪ್ಪಿದ್ದು. ಅದರಲ್ಲಿ ಸೇರದ ಕಸದ ಗಾಡಿ ಚಾಲಕರು, ಲೋಡರ್‌ಗಳು, ಯುಜಿಡಿ (ಒಳಚರಂಡಿ) ಕಾರ್ಮಿಕರು ‘ನಾವೇನು ತಪ್ಪು ಮಾಡಿದ್ವಿ’ ಎಂದು ಕೇಳುತ್ತಲೇ ಇದ್ದಾರೆ. ಕಾಯಂ ಆದವರ ಕಥೆಯೂ ಅಲ್ಲಿಗೆ ಮುಗಿದಿಲ್ಲ: ರಾಜ್ಯ ಸರ್ಕಾರಿ ನೌಕರರಿಗಿರುವ ಕೆಜಿಐಡಿ (ವಿಮೆ), ಜಿಪಿಎಫ್ (ಭವಿಷ್ಯ ನಿಧಿ), ಆರೋಗ್ಯ ಸಂಜೀವಿನಿ (ಚಿಕಿತ್ಸೆಯ ಯೋಜನೆ) ನಮಗೂ ಬೇಕೆಂದು ಮಹಾನಗರ ಪಾಲಿಕೆಗಳ ನೌಕರರು 2025ರ ಜುಲೈನಲ್ಲಿ ಮುಷ್ಕರ ಹೂಡಿದರು.

ಪಟ್ಟಿಯಲ್ಲಿ ಹೆಸರಿಲ್ಲದವರೂ ಊರು ಕಾಯುತ್ತಾರೆ ಎಂಬ ಮಾತು ದುರ್ಗದವರಿಗೆ ಬೇಗ ತಿಳಿಯಬೇಕು. ಕಾವಲಿನ ಕೆಲಸ ಇದ್ದದ್ದು ಗಂಡ ಮುದ್ದಹನುಮನಿಗೆ. ಅವನು ಉಣ್ಣಲು ಕೂತ ಹೊತ್ತಿನಲ್ಲಿ ಕಿಂಡಿಗೆ ಒನಕೆ ಹಿಡಿದು ನಿಂತವಳು ಓಬವ್ವ, ಯಾವ ಸಂಬಳದ ಪಟ್ಟಿಯಲ್ಲೂ ಇಲ್ಲದವಳು. ಈಗ ಅವಳ ಹೆಸರಿನಲ್ಲಿ ಕ್ರೀಡಾಂಗಣವಿದೆ, ನವೆಂಬರ್ 11ಕ್ಕೆ ಸರ್ಕಾರಿ ಜಯಂತಿಯಿದೆ.

ಹಳ್ಳಿಯ ಕಡೆ ಸ್ಥಿತಿ ಇನ್ನೂ ತೆಳು. ತಾಲ್ಲೂಕಿಗೊಂದರಂತೆ ಕೊಡುವ ಗಾಂಧಿ ಗ್ರಾಮ ಪುರಸ್ಕಾರ, ಅದರ 5 ಲಕ್ಷ ರೂಪಾಯಿ, ಎರಡೂ ಪಂಚಾಯಿತಿಗೆ ಸಲ್ಲುತ್ತವೆ. ನೀರು ಬಿಡುವ ವಾಟರ್‌ಮನ್‌ನ ಹೆಸರು ಮೊದಲು ಪಂಚಾಯಿತಿಗಳ ‘ಪಂಚತಂತ್ರ’ ತಂತ್ರಾಂಶಕ್ಕೆ ಏರಬೇಕು, ಅದಕ್ಕೂ ಜಿಲ್ಲಾ ಪಂಚಾಯಿತಿಯ ಅನುಮೋದನೆ ಬರಬೇಕು. ಪ್ರಶಸ್ತಿಗೆ ಸಾಧನೆಯ ದಾಖಲೆ ಕೇಳುತ್ತಾರೆ. ಕರೆಂಟು ಬರುವ ಹೊತ್ತು ನೋಡಿಕೊಂಡು ನಡುರಾತ್ರಿ ಮೋಟಾರು ಹಾಕಿ, ನಸುಕಿಗೇ ವಾಲ್ವ್ ತಿರುಗಿಸಿ, ಜಗಳೂರು ಚಳ್ಳಕೆರೆ ಸೀಮೆಯ ಬೇಸಿಗೆಯಲ್ಲಿ ಕೇರಿ ಕೇರಿಗೆ ನೀರು ಹಂಚಿದವನ ಹತ್ತಿರ ಯಾವ ಕಡತವಿರುತ್ತದೆ? ಆಯ್ಕೆ ಸಮಿತಿ ಅರ್ಜಿಗೆ ಕಾಯುವುದನ್ನು ಬಿಟ್ಟು, ನಲ್ಲಿಯ ಮುಂದೆ ಬಿಂದಿಗೆ ಇಟ್ಟು ನಿಂತ ಹೆಂಗಸರನ್ನು ಒಂದು ಮಾತು ಕೇಳಲಿ.