ಸ್ಕೋಲಿನ್ ಇಳಿಯದಿದ್ದಾಗ

"ಮನೇಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಉಸಿರು ಬರೋದು ತಡ ಆಗಿತ್ತಾ?" ಕೋಲಾರದ ಕಡೆ ಅರಿವಳಿಕೆ ವೈದ್ಯರು ಈ ಪ್ರಶ್ನೆಯನ್ನು ಬಿಡುವಂತಿಲ್ಲ. ಎದುರಿಗಿರುವವರು ಆರ್ಯವೈಶ್ಯರಾದರೆ ಇನ್ನೂ ಒತ್ತಿ ಕೇಳಬೇಕು. ಜಾತಿ ಕೆದಕುವ ಚಪಲವಲ್ಲ, ಆಪರೇಷನ್ ಹೊತ್ತಿಗೆ ಉಸಿರಿನ ಸ್ನಾಯುವನ್ನೂ ಸೇರಿಸಿ ಸಡಿಲಿಸುವ ಸ್ಕೋಲಿನ್ ಎಂಬ ಔಷಧವನ್ನು ಒಡೆಯುವ, ರಕ್ತದಲ್ಲಿರುವ ಒಂದು ಕಿಣ್ವದ ವಿಚಾರ.

ನರದ ತುದಿಯಿಂದ ಹೊರಬಿದ್ದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸ್ನಾಯುವನ್ನು ಮುಟ್ಟಿದರೆ ಮಾತ್ರ ಸ್ನಾಯು ಸೆಳೆಯುತ್ತದೆ. ನರ, ಸ್ನಾಯು ಕೂಡುವ ಈ ಸಂದಿನ ಸುಳಿವು ಕೊಟ್ಟದ್ದು 1850ರ ಸುಮಾರಿನ ಕ್ಲಾಡ್ ಬರ್ನಾರ್ಡ್ ಪ್ರಯೋಗ. ದಕ್ಷಿಣ ಅಮೆರಿಕದ ಬಾಣದ ವಿಷ ಕುರಾರೆ ಕೊಟ್ಟ ಕಪ್ಪೆಯ ನರ ಕೆರಳಿಸಿದರೆ ಕಾಲು ಅಲುಗದು. ಸ್ನಾಯುವಿಗೇ ವಿದ್ಯುತ್ ಮುಟ್ಟಿಸಿದರೆ ಅಲುಗೀತು. 1942ರ ಜನವರಿ 23ರಂದು ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್, ಎನಿಡ್ ಜಾನ್ಸನ್ ಇದೇ ಕುರಾರೆಯನ್ನು ಸ್ನಾಯು ಸಡಿಲಿಸಲು ಅಪೆಂಡಿಕ್ಸ್ ಆಪರೇಷನ್ನಿಗೆ ಬಳಸಿದರು.

ಥಿಯೇಟರಿನಲ್ಲಿ ಸ್ಕೋಲಿನ್ ಎಂದೇ ಕರೆಯುವ ಸಕ್ಸಿನೈಲ್‌ಕೋಲಿನ್ ಮಾತ್ರ ಕೈಯಲ್ಲಿದ್ದೂ ಕಣ್ಣಿಗೆ ಬೀಳದೇ ಹೋದ ಔಷಧ. 1906ರಲ್ಲೇ ರೀಡ್ ಹಂಟ್ ಮತ್ತು ರೆನೆ ಟಾವೊ ಇದನ್ನು ಪ್ರಾಣಿಗಳಿಗೆ ಕೊಟ್ಟಿದ್ದರು. ಅವರು ನೋಡುತ್ತಿದ್ದದ್ದು ರಕ್ತದೊತ್ತಡವನ್ನು. ಪ್ರಾಣಿ ಅಲುಗದಿರಲೆಂದು ಮೊದಲೇ ಕುರಾರೆ ಹಾಕಿದ್ದರು. ಮಲಗಿದ್ದ ಸ್ನಾಯು ಮತ್ತೆ ಮಲಗಿದ್ದು ಯಾರಿಗೆ ತಾನೇ ಕಾಣಬೇಕು? ಅದು ಸ್ನಾಯು ಸಡಿಲಿಸುತ್ತದೆಂದು 1949ರಲ್ಲಿ ಔಷಧ ವಿಜ್ಞಾನಿ ಡೇನಿಯಲ್ ಬೋವೆ ತೋರಿಸಿದ ಮೇಲೆ, 1951ರ ಹೊತ್ತಿಗೆ ರೋಗಿಗಳ ಮೇಲೆ ಬಳಕೆಗೆ ಬಂತು.

ಸ್ಕೋಲಿನ್ ಡೋಸ್ ಕಿಲೊಗೆ 1ರಿಂದ 1.5 ಮಿಲಿಗ್ರಾಂ, ಅಂದರೆ 60 ಕಿಲೊ ತೂಕದವರಿಗೆ 60ರಿಂದ 90 ಮಿಲಿಗ್ರಾಂ. ಮೊದಲು ರೆಪ್ಪೆ ಅದುರುತ್ತದೆ, ಆಮೇಲೆ ಎದೆ, ಕೊನೆಗೆ ಕಾಲು. ಅದುರು ನಿಂತೊಡನೆ ಉಸಿರಿನ ಟ್ಯೂಬ್ ಹಾಕಬಹುದು. ಇಷ್ಟಕ್ಕೆಲ್ಲ ಒಂದು ನಿಮಿಷ ಸಾಕು. ರಕ್ತದ ಸ್ಯೂಡೋಕೋಲಿನೆಸ್ಟರೇಸ್ ಕಿಣ್ವ ಔಷಧವನ್ನು ಒಡೆದುಹಾಕುವುದರಿಂದ 5–10 ನಿಮಿಷದಲ್ಲಿ ಉಸಿರು ಮರಳುತ್ತದೆ.

ಕಿಣ್ವ ಕೆಟ್ಟಿದ್ದರೆ ಅದೇ ಡೋಸ್ ಗಂಟೆಗಟ್ಟಲೆ ಇಳಿಯುವುದಿಲ್ಲ. ಇದು ವಂಶದಲ್ಲಿ ಹರಿದುಬರುತ್ತದೆಂದು 1950ರ ದಶಕದಲ್ಲಿ ವರ್ನರ್ ಕಾಲೊ ತೋರಿಸಿದರು. ಸಂಬಂಧದಲ್ಲೇ ಕೊಟ್ಟು ತರುವ ರೂಢಿಯಿರುವ ವೈಶ್ಯ ಸಮುದಾಯದಲ್ಲಿ ಕೊರತೆ ಹೆಚ್ಚು. ಕಿಣ್ವದ 307ನೇ ಸ್ಥಾನದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೋಗಿ ಪ್ರೋಲಿನ್ ಎಂಬ ಇನ್ನೊಂದು ಕೂತಿರುವುದು ಅಲ್ಲಿ ಕಂಡುಬಂದಿದೆ. ದಿನನಿತ್ಯದ ಬದುಕಿಗೆ ಇದರಿಂದ ಯಾವ ತೊಂದರೆಯೂ ಇಲ್ಲ, ಹಾಗಾಗಿ ಮೊದಲೇ ಗೊತ್ತಾಗುವುದೂ ಇಲ್ಲ.

ಟೊಮೆಟೊಗೆ ಹೊಡೆಯುವ ಆರ್ಗನೋಫಾಸ್ಫರಸ್ ಔಷಧ ಕುಡಿದು ಬಂದವರಲ್ಲೂ ಇದೇ ಕಿಣ್ವ ಸೋತಿರುತ್ತದೆ. ಅವರಿಗೆ ರೋಕುರೋನಿಯಂ ಎಂಬ ಇನ್ನೊಂದು ಸ್ನಾಯು ಸಡಿಲಕ ವಾಸಿ. ಕಿಲೊಗೆ 1.2 ಮಿಲಿಗ್ರಾಂ ಕೊಟ್ಟರೆ ಅದೂ ಒಂದು ನಿಮಿಷದಲ್ಲಿ ಹಿಡಿಯುತ್ತದೆ, ಆದರೆ ಗಂಟೆ ಮೀರಿ ನಿಲ್ಲುತ್ತದೆ. ಅದನ್ನು ಅಪ್ಪಿ ಹಿಡಿದು ಬಿಡಿಸುವ ಸುಗಾಮಡೆಕ್ಸ್ ಇದೆ, ದುಬಾರಿ.

ಸ್ಕೋಲಿನ್ ಇಳಿಯದಿದ್ದಾಗ ಗಾಬರಿಯಲ್ಲಿ, ಬೇರೆ ಸ್ನಾಯು ಸಡಿಲಕಗಳನ್ನು ಇಳಿಸಲು ಕೊಡುವ ನಿಯೋಸ್ಟಿಗ್ಮಿನ್ ಚುಚ್ಚುವುದು ತಪ್ಪು. ಉಳಿದ ಚೂರುಪಾರು ಕಿಣ್ವವನ್ನೂ ಅದು ಕಟ್ಟಿಹಾಕುತ್ತದೆ. ವೆಂಟಿಲೇಟರಿನಲ್ಲಿ ಉಸಿರು ಕೊಡುತ್ತ ಕಾಯಬೇಕು. ನಿದ್ದೆ ಔಷಧ ನಿಲ್ಲಿಸಬಾರದು: ಸ್ಕೋಲಿನ್ ಹಿಡಿಯುವುದು ಸ್ನಾಯುವನ್ನು, ಎಚ್ಚರವನ್ನಲ್ಲ. ಚೇತರಿಸಿಕೊಂಡ ಮೇಲೆ ಕಿಣ್ವದ ಪರೀಕ್ಷೆ, ಒಡಹುಟ್ಟಿದವರಿಗೂ. "ಸ್ಕೋಲಿನ್ ಕೊಡಬೇಡಿ" ಎಂದು ಬರೆದ ಚೀಟಿ ಆಧಾರ್ ಕಾರ್ಡಿನ ಜೊತೆಗೇ ಇರಲಿ.