ಎರಿ ಹೊಲದ ಗಡಿಕಲ್ಲು ಮತ್ತು ನೆಲದ ವೇಗ

ಏಪ್ರಿಲ್‌ನಲ್ಲಿ ವಿಜಯಪುರದ ಡೋಣಿ ಹೊಳೆಯ ದಂಡೆಯ ಎರಿ, ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ ಹೋಗಿ ನೋಡಿ. ಮೊಣಕೈವರೆಗೆ ಕೈ ಇಳಿಯುವಂಥ ಬಿರುಕು. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಈ ಎಳೆದಾಟದಲ್ಲಿ ಬದುವಿನ ಗಡಿಕಲ್ಲು ಒಂಚೂರು ವಾಲುತ್ತದೆ. ಮುಂದಿನ ವರ್ಷ ವಾಲಿದಲ್ಲಿಂದಲೇ ಮತ್ತೆ ಜರುಗುತ್ತದೆ.

ನೆಲದ ವೇಗ ಅಳೆಯಲು ಆ ಕಲ್ಲಿನ ಮೇಲೆ ಜಿಪಿಎಸ್ ಆಂಟೆನಾ ಇಟ್ಟರೆ? ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ. ಅಷ್ಟು ದೊಡ್ಡ ಚಲನೆ ಸುಲಭವಾಗಿ ಸಿಗುತ್ತದೆ. ಆದರೆ ಬೆಂಗಳೂರಿಗೂ ವಿಜಯಪುರಕ್ಕೂ ನಡುವಿನ ಅಂತರ ಬದಲಾಗುತ್ತಿದೆಯೇ ಎಂದು ತಿಳಿಯಲು ಮಿಲಿಮೀಟರ್‌ಗಿಂತ ಸಣ್ಣ ಲೆಕ್ಕ ಬೇಕು. ಅಲ್ಲಿ ಕಲ್ಲು ವಾಲಿದ್ದೂ ನೆಲ ಸರಿದಂತೆಯೇ ಕಾಣುತ್ತದೆ.

ಮೊದಮೊದಲು ಇದು ದೊಡ್ಡ ತೊಡಕು ಅನ್ನಿಸಿರಲಿಲ್ಲ. ಇವತ್ತಿನ ಅಳತೆಯ ತಪ್ಪಿಗೂ ನಾಳೆಯದಕ್ಕೂ ನಂಟಿಲ್ಲ ಎಂದು ಹಿಡಿಯುತ್ತಿದ್ದರು. ಇದೇ ವೈಟ್ ನಾಯ್ಸ್. ಹಾಗಿದ್ದರೆ ಜಾಸ್ತಿ ಅಳೆದಷ್ಟೂ ತಪ್ಪು ಕಡಿಮೆಯಾಗಬೇಕು, ಅಲ್ವಾ? 1995ರಲ್ಲಿ ವಿಜ್ಞಾನಿಗಳಾದ ಜಾನ್ಸನ್ ಮತ್ತು ಆಗ್ನ್ಯೂ ಬೇರೆ ಮಾತು ಹೇಳಿದರು. ಆಂಟೆನಾ ಹೊತ್ತ ಕಂಬದ ಜರುಗಾಟ ಕೂಡುತ್ತಾ ಹೋಗುವಂಥದ್ದು, ಅಂದರೆ ರ‍್ಯಾಂಡಮ್ ವಾಕ್. ಅದಕ್ಕೆ ದಿನಕ್ಕೆ ಹತ್ತು ಸಲ ಅಳೆದರೂ ಪ್ರಯೋಜನವಿಲ್ಲ, ವರ್ಷಗಳೇ ಕಳೆಯಬೇಕು. 1999ರಲ್ಲಿ ಮಾವ್, ಹ್ಯಾರಿಸನ್ ಮತ್ತು ಡಿಕ್ಸನ್ 23 ಜಿಪಿಎಸ್ ಕೇಂದ್ರಗಳ ಅಳತೆ ತೆಗೆದು ನೋಡಿದರು. ಹಳೆಯ ತಪ್ಪಿನ ನೆರಳು ಹೊಸ ಅಳತೆಯ ಮೇಲೂ ಬೀಳುವ ಫ್ಲಿಕರ್ ನಾಯ್ಸ್ ಕಂಡಿತು. ವೈಟ್ ನಾಯ್ಸ್ ಒಂದನ್ನೇ ನಂಬಿದರೆ ವೇಗದಲ್ಲಿರುವ ತಪ್ಪನ್ನು 5ರಿಂದ 11 ಪಟ್ಟು ಕಡಿಮೆ ಅಂದಾಜು ಮಾಡಿದಂತೆ. ನನಗೆ ಈ ಇಡೀ ಕತೆಯ ತಿರುವು ಇಲ್ಲೇ ಕಾಣುತ್ತದೆ. ತಪ್ಪಿನ ಅಂದಾಜು ಇಲ್ಲದ ವೇಗ ಸುಮ್ನೆ ಒಂದು ಅಂಕಿ.

ಇನ್ನೊಂದು ತೊಡಕು ಋತುಮಾನದ್ದು. ಆಲಮಟ್ಟಿಯಂಥ ಜಲಾಶಯ ಮಳೆಗಾಲದಲ್ಲಿ ತುಂಬಿದಾಗ ನೀರಿನ ಭಾರಕ್ಕೆ ಸುತ್ತಲಿನ ನೆಲ ತುಸು ತಗ್ಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದರೆ ಮೇಲೇಳುತ್ತದೆ. ವರ್ಷಕ್ಕೊಮ್ಮೆ ಬರುವ ಇಂಥ ಏರಿಳಿತದಿಂದ ಮೋಸಹೋಗದಿರಲು ಕನಿಷ್ಠ ಎರಡೂವರೆ ವರ್ಷದ ಅಳತೆ ಬೇಕೆಂದು 2002ರಲ್ಲಿ ಬ್ಲೆವಿಟ್ ಮತ್ತು ಲವಾಲೆ ತೋರಿಸಿದರು. ಈ ವೇಗ ಲೆಕ್ಕಹಾಕಲು 2016ರಲ್ಲಿ ಬಂದ ಮೈಡಾಸ್ ವಿಧಾನ ಒಕ್ಕಲುತನದವರ ಲೆಕ್ಕದ ಹಾಗಿದೆ. ಈ ಕಾರಹುಣ್ಣಿಮೆಯನ್ನು ಹೋದ ಕಾರಹುಣ್ಣಿಮೆಗೆ ಹೋಲಿಸಿದಂತೆ, ಒಂದು ವರ್ಷದ ಅಂತರದ ಅಳತೆಗಳನ್ನು ಜೋಡಿ ಮಾಡಿ, ಸಿಕ್ಕ ವೇಗಗಳಲ್ಲಿ ನಟ್ಟನಡುವಿನದನ್ನು ಆರಿಸುತ್ತದೆ.

2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಜೊತೆ ಸದಾ ಅಳೆಯುವ ಜಿಪಿಎಸ್ ಕೇಂದ್ರಗಳು ಕರ್ನಾಟಕಕ್ಕೂ ಬಂದಿವೆ. ಊರಿನ ಆಸ್ತಿ ನಕ್ಷೆಗಾಗಿ ಬಂದ ಇಂಥ ಕೇಂದ್ರಗಳು ವರ್ಷಗಟ್ಟಲೆ ನಡೆದರೆ ನೆಲದ ವೇಗವನ್ನೂ ಹೇಳಬಲ್ಲವು. ನನ್ನದು ಒಂದೇ ಬೇಡಿಕೆ. ನಮ್ಮ ಕಡೆ ಕಂಬ ನೆಡುವಾಗ ಬಾವಿ ತೋಡುವವರನ್ನು ಕೇಳಿ. ಎರಿ ಮಣ್ಣು ಎಲ್ಲಿ ಮುಗಿಯುತ್ತದೆ, ಕರಿಕಲ್ಲು ಎಷ್ಟು ಆಳದಲ್ಲಿ ಸಿಗುತ್ತದೆ ಎಂದು ಅವರು ತೋರಿಸುತ್ತಾರೆ. ಬುಡ ಆ ಕಲ್ಲಿಗೇ ಮುಟ್ಟಲಿ.